ಜಾಮೀನು ಹಾಕಿದ ಟೀಚರ್ ಸಂಬಳಕ್ಕೆ ಜಪ್ತಿ ಬಂದಾಗ

ನನ್ನ ಹತ್ತಿರ ಸಲಹೆಗೆ ಬಂದ ಇವರು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್. ಗುರುತು ಸಿಗಬಾರದೆಂದು ಹೆಸರು ಬಿಟ್ಟಿದ್ದೇನೆ, ಕೆಲವು ವಿವರ ಬದಲಿಸಿದ್ದೇನೆ. ಜೊತೆಯ ಮೇಷ್ಟ್ರೊಬ್ಬರ ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿದ್ದರು. ಆ ಮೇಷ್ಟ್ರು ಕಂತು ಕಟ್ಟಲಿಲ್ಲ. ಇಬ್ಬರ ಮೇಲೂ 5 ಲಕ್ಷ ರೂಪಾಯಿಗೆ ಡಿಕ್ರಿ, ಅಂದರೆ ಹಣ ಕಟ್ಟಬೇಕೆಂಬ ಕೋರ್ಟ್ ತೀರ್ಪು ಆಯಿತು. ಟೀಚರ್ ಸಂಬಳ ಹಿಡಿಯಲು, ಸಂಬಳ ಕೊಡುವ ಬಟವಾಡೆ ಅಧಿಕಾರಿಗೆ ಕೋರ್ಟ್ ಆದೇಶ ಬಂತು.

"ಆಫೀಸಿನವರಿಗೆಲ್ಲ ಗೊತ್ತಾಗಿದೆ ಮೇಡಂ, ತಲೆ ಎತ್ತಿ ಓಡಾಡೋಕೆ ಆಗ್ತಿಲ್ಲ" ಎಂದು ಅತ್ತರು. ಗಂಡನಿಗೆ ಹೇಳಿರಲಿಲ್ಲ. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿಗೆ ಕೈಸಾಲ ತಂದು ಒಂದೇ ಸಲ ತೀರಿಸಿಬಿಡುವ ಯೋಚನೆಯಲ್ಲಿದ್ದರು. ನನಗೆ ಜಪ್ತಿಗಿಂತ ಜಾಸ್ತಿ ಭಯವಾಗಿದ್ದು ಇದಕ್ಕೇ.

ಅಳು ನಿಂತ ಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಪೂರ್ತಿ ಸಂಬಳ ಹೋಗುತ್ತದೆ ಎಂದು ಅವರು ನಂಬಿದ್ದರು. ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಪ್ರಕಾರ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರನೇ ಎರಡು ಭಾಗ ನೌಕರರಿಗೇ ಸೇರಬೇಕು. ಜಪ್ತಿಯಿಂದ ವಿನಾಯಿತಿ ಇರುವ ಭತ್ಯೆ ಬಿಟ್ಟು ಇವರ ಸಂಬಳ 46,000. ಹಿಡಿಯಬಹುದಾದದ್ದು 15,000. ಕೈಸಾಲಕ್ಕೆ ಬಡ್ಡಿಯೇ ತಿಂಗಳಿಗೆ 25,000 ಆಗುತ್ತಿತ್ತು, ಅಸಲು ಹಾಗೇ ಇರುತ್ತಿತ್ತು! ಆ ಅಂಕಿ ನೋಡಿ ಅವರು ಸುಮ್ಮನಾದರು.

ಇನ್ನೊಂದು ಮಿತಿಯೂ ಇದೆ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಸಂಬಳ ಹಿಡಿದ ಮೇಲೆ ಅದೇ ಡಿಕ್ರಿಗೆ ಮತ್ತೆ ಹಿಡಿಯುವಂತಿಲ್ಲ. ಹಾಗಂತ ಬಾಕಿ ಮನ್ನಾ ಆಗುವುದಿಲ್ಲ, ಬೇರೆ ಆಸ್ತಿಯ ಮೇಲೆ ಬ್ಯಾಂಕ್ ಹೋಗಬಹುದು. ಜೀವನಾಂಶದ ಡಿಕ್ರಿಗೆ ಲೆಕ್ಕ ಬೇರೆ, ಅಲ್ಲಿ ನೌಕರರಿಗೆ ಉಳಿಯುವುದು ಮೂರನೇ ಒಂದು ಭಾಗ ಮಾತ್ರ.

"ಕೆಲಸ ಹೋಗುತ್ತಾ?" ಎಂದು ಕೇಳಿದರು. ಒಂದು ಜಪ್ತಿಯಿಂದ ಕೆಲಸ ಹೋಗುವುದಿಲ್ಲ. ಆದರೆ ಸದಾ ಸಾಲದಲ್ಲೇ ಇರುವುದನ್ನು ಸರ್ಕಾರಿ ನೌಕರರ ನಡತೆ ನಿಯಮಗಳು ಒಪ್ಪುವುದಿಲ್ಲ. ಆದ್ದರಿಂದ ಹೊಸ ಸಾಲ ಬೇಡವೇ ಬೇಡ, ನಡೆದದ್ದನ್ನು ಮೇಲಧಿಕಾರಿಗೆ ಬರೆದು ತಿಳಿಸಿ ಎಂದೆ.

ಗಂಡನಿಗೆ ಅಂದೇ ಹೇಳಬೇಕೆಂದು ಒತ್ತಾಯ ಮಾಡಿದೆ. ಮನೆಯವರಿಂದ ಮುಚ್ಚಿಟ್ಟ ಸಾಲವೇ ಮನುಷ್ಯರನ್ನು ಜಾಸ್ತಿ ಕುಗ್ಗಿಸುತ್ತದೆ, ನಾನು ನೋಡಿದ್ದೇನೆ. ನಂತರ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿದೆ. ಮಹಿಳೆಯರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ.

ಮುಂದಿನ ಸಲ ಗಂಡನ ಜೊತೆ ಬಂದರು. ಬಡ್ಡಿ ಕಡಿಮೆ ಮಾಡಿಸಿಕೊಳ್ಳಲು ಲೋಕ ಅದಾಲತ್‌ಗೆ ಅರ್ಜಿ ಹಾಕಿದ್ದಾರೆ. ಜಾಮೀನುದಾರರು ಕಟ್ಟಿದ ಹಣವನ್ನು ಸಾಲಗಾರರಿಂದ ವಸೂಲು ಮಾಡುವ ಹಕ್ಕಿದೆ. ಅದಕ್ಕಾಗಿ ಕಡಿತ ಕಾಣುವ ಸಂಬಳ ಚೀಟಿಗಳನ್ನು ಪ್ರತಿ ತಿಂಗಳೂ ಎತ್ತಿಡುತ್ತಿದ್ದಾರೆ.