ಮೊಟ್ಟೆ ಬಿದ್ದದ್ದನ್ನು ಯಾರು ನೋಡಿದರು? ಒಂಬತ್ತನೇ ತರಗತಿಯ ಇಂಗ್ಲಿಷ್ ಪ್ಯಾರಾ ಬಗ್ಗೆ ಒಂದು ಉತ್ತರ

ಮೇಡಂ, ಶಿಕ್ಷಕರ ಈ ಗುಂಪಿನಲ್ಲಿ ನೀವು ಹಾಕಿದ ಪ್ರಶ್ನೆ ಓದಿದೆ. ಕನ್ನಡ ಮಾಧ್ಯಮದ ಒಂಬತ್ತನೇ ತರಗತಿ, 42 ಮಕ್ಕಳು. ಪಾಠದ ಕಥೆಯನ್ನು ಬೇರೊಂದು ಪಾತ್ರದ ದೃಷ್ಟಿಯಿಂದ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಬರೆಯಿರಿ ಎಂದಿರಿ. ಎಲ್ಲರೂ 'ಹಿ' ಇದ್ದಲ್ಲಿ 'ಐ' ಹಾಕಿ ಉಳಿದದ್ದನ್ನು ಪುಸ್ತಕದಿಂದ ಇಳಿಸಿ ತಂದರು. ಪ್ಯಾರಾ ಎಂದರೆ ಕೆಲವರಿಗೆ ಸಾಲಿಗೊಂದು, ಕೆಲವರಿಗೆ ಪುಟ ತುಂಬುವ ತನಕ ಒಂದೇ. ವ್ಯಾಕರಣವನ್ನು ಮತ್ತೆ ಮೊದಲಿನಿಂದ ಹೇಳಿಕೊಡಬೇಕೇ ಎಂದು ಕೇಳಿದ್ದೀರಿ. ಬೇಡ. ಇಪ್ಪತ್ತು ವರ್ಷಗಳಿಂದ ಸರ್ಕಾರಿ ಪ್ರೌಢಶಾಲೆಯಲ್ಲಿ ಇದೇ ಇಂಗ್ಲಿಷನ್ನು ಕಲಿಸುತ್ತಿರುವವನ ಅನುಭವ ಇದು, ಉದ್ದವಾಯಿತೆಂದು ಬೇಸರಿಸಬೇಡಿ.

ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಚಾರ್ಟ್ ಬರೆದು ಗೋಡೆಗೆ ಅಂಟಿಸಿದ್ದೆ: ಫಸ್ಟ್ ಪರ್ಸನ್, ಸೆಕೆಂಡ್ ಪರ್ಸನ್, ಥರ್ಡ್ ಪರ್ಸನ್. ಅರ್ಥವಾಗಲೆಂದು ಪ್ರಥಮ ಪುರುಷ ಎಂದರೆ 'ನಾನು' ಎಂದು ವಿವರಿಸಿಯೂ ಬಿಟ್ಟೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಕನ್ನಡ ಮೇಷ್ಟ್ರು ಪ್ರಥಮ ಪುರುಷ ಎಂದರೆ ಅವನು, ಅವಳು, ಅದು ಎಂದಿದ್ದಾರೆ." ಅವಳು ಹೇಳಿದ್ದೇ ಸರಿ. ನಮ್ಮ ವ್ಯಾಕರಣದಲ್ಲಿ ನಾನು ಉತ್ತಮ ಪುರುಷ, ನೀನು ಮಧ್ಯಮ ಪುರುಷ, ಅವನು ಪ್ರಥಮ ಪುರುಷ. ಇಂಗ್ಲಿಷಿನ ಎಣಿಕೆಗೆ ನಮ್ಮದು ಪೂರಾ ತಲೆಕೆಳಗು. ಇಡೀ ತರಗತಿಯ ಮುಂದೆ ಚಾರ್ಟ್ ಕಿತ್ತೆ. ಇನ್ನೊಂದು ವರ್ಷ, ಎಲ್ಲ ಪಾತ್ರಗಳ ಮನಸ್ಸನ್ನೂ ಬಲ್ಲ ಕಥೆಗಾರ ಎಂಬರ್ಥದಲ್ಲಿ 'ಸರ್ವಜ್ಞ ನಿರೂಪಕ' ಎಂಬ ಮಾತನ್ನು ಎತ್ತಿದೆ. ಒಬ್ಬ ಹುಡುಗ ಥಟ್ಟನೆ ತ್ರಿಪದಿ ಹೇಳಲು ಶುರುಮಾಡಿದ. ಅಂದಿನಿಂದ ಈ ಪಾರಿಭಾಷಿಕ ಪದಗಳನ್ನು ಬರವಣಿಗೆ ಮುಗಿಯುವ ತನಕ ಬಾಯಿಗೆ ತರುವುದಿಲ್ಲ.

ಮಕ್ಕಳು 'ಐ', 'ಹಿ'ಗಳಲ್ಲಿ ಜಾರುವುದಕ್ಕೆ ಸೋಮಾರಿತನ ಕಾರಣವಲ್ಲ, ಕನ್ನಡವೇ ಕಾರಣ. 'ಬಂದೆನು' ಎಂದರೆ ಸಾಕು, ಬಂದವನು ನಾನು ಎಂದು ಕ್ರಿಯಾಪದವೇ ಹೇಳುತ್ತದೆ. 'ಬಂದಳು' ಎಂದರೆ ಅವಳು. ಇಂಗ್ಲಿಷಿನ 'ಕೇಮ್' ಯಾರ ಗುರುತನ್ನೂ ಹೇಳುವುದಿಲ್ಲ. ಯಾರು ಎಂಬುದನ್ನು ವಾಕ್ಯಕ್ಕೊಮ್ಮೆ ಹೊರಗಿನಿಂದ ತಂದು ನಿಲ್ಲಿಸಬೇಕು. ನಾಲ್ಕನೇ ವಾಕ್ಯದ ಹೊತ್ತಿಗೆ ಮಗು ಅದನ್ನು ಮರೆಯುತ್ತದೆ, ಕೈಗೆ ಸಿಕ್ಕಿದ್ದನ್ನು ಹಾಕುತ್ತದೆ. ಎರಡನೆಯದು 'ಎಂದು'. "ನಾಳೆ ಬರುತ್ತೇನೆ ಎಂದು ಹೇಳಿದ" ಎಂಬ ನಮ್ಮ ವಾಕ್ಯದಲ್ಲಿ ಒಳಗಿನ 'ನಾನು' ಹೇಳಿದವನದೇ, ಯಾರಿಗೂ ಗೊಂದಲವಿಲ್ಲ. ಅದನ್ನೇ ಮಗು ಪದಕ್ಕೆ ಪದವಿಟ್ಟು 'ಹಿ ಸೆಡ್ ದಟ್ ಐ ವಿಲ್ ಕಮ್ ಟುಮಾರೊ' ಎಂದು ಬರೆದರೆ, ನಾಳೆ ಬರುವವನು ಬರೆದವನೇ ಆಗಿಬಿಡುತ್ತಾನೆ! ಈ ಎರಡು ವಿಷಯಗಳನ್ನು ಬೋರ್ಡಿನ ಮೇಲೆ ಕನ್ನಡ ವಾಕ್ಯ ಬರೆದೇ ತೋರಿಸಿ. ಹತ್ತು ನಿಮಿಷದ ಕೆಲಸ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬಳಸಬಾರದು ಎಂದು ತರಬೇತಿಯಲ್ಲಿ ಹೇಳಿದ್ದರೆ, ಹೇಳಿರಲಿ.

ಇನ್ನು ಮುಖ್ಯ ವಿಷಯ. ಸರ್ವನಾಮ ಬದಲಾದರೆ ದೃಷ್ಟಿ ಬದಲಾಗುವುದಿಲ್ಲ. ಪಾತ್ರಕ್ಕೆ ಏನು ಕಾಣುತ್ತದೆ ಎಂಬುದಕ್ಕಿಂತ ಏನು ಕಾಣುವುದಿಲ್ಲ ಎಂಬುದರಲ್ಲಿ ದೃಷ್ಟಿ ಇರುತ್ತದೆ. ಇದನ್ನು ಪಾಠದ ಕಥೆಯಿಂದ ಕಲಿಸುವುದು ಕಷ್ಟ. ಕಥೆ ಓದಿದ ಮಗುವಿಗೆ ಆಗಲೇ ಎಲ್ಲವೂ ಗೊತ್ತು. ಅದಕ್ಕೇ ನಾನು ಶಾಲೆಯಲ್ಲೇ ನಡೆದ ಒಂದು ಪ್ರಸಂಗವನ್ನು ಹಿಡಿದುಕೊಂಡೆ. ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ದಿನ, ಸಾಲಿನಲ್ಲಿದ್ದ ಹುಡುಗನ ತಟ್ಟೆಯಿಂದ ಮೊಟ್ಟೆ ಜಾರಿತು, ಉರುಳಿತು, ಬಾಗಿಲ ಬಳಿ ಮಲಗಿದ್ದ ನಾಯಿ ಎತ್ತಿಕೊಂಡು ಓಡಿತು. ಅಷ್ಟೇ ಘಟನೆ. ಆದರೆ ನೋಡಿದವರು ನಾಲ್ವರು: ಮೊಟ್ಟೆ ಕಳೆದುಕೊಂಡ ಹುಡುಗ, ಬಡಿಸುತ್ತಿದ್ದ ಅಡುಗೆಯ ಅಕ್ಕ, ನಾಯಿ, ಮತ್ತು ಕೈ ತೊಳೆಯಲು ಹೋಗಿದ್ದರಿಂದ ಏನನ್ನೂ ನೋಡದೆ ಆಮೇಲೆ ಕೇಳಿಸಿಕೊಂಡ ಹುಡುಗಿ. (ಅವಳನ್ನೂ ನೋಡಿದವರ ಲೆಕ್ಕಕ್ಕೆ ಹಾಕಿದ್ದೇಕೆ ಎಂದು ಮುಂದೆ ಹೇಳುತ್ತೇನೆ.)

ಮೊದಲ ಅವಧಿಯ 40 ನಿಮಿಷ ಪೆನ್ನು ಮುಟ್ಟಿಸಬೇಡಿ. ನಾಲ್ವರು ಮಕ್ಕಳನ್ನು ನಾಲ್ಕು ಜಾಗದಲ್ಲಿ ನಿಲ್ಲಿಸಿ, ಒಂದು ಡಸ್ಟರನ್ನು ಮೊಟ್ಟೆ ಮಾಡಿಕೊಂಡು ಪ್ರಸಂಗವನ್ನು ಆಡಿಸಿ. ಆಮೇಲೆ ಒಬ್ಬೊಬ್ಬರನ್ನೂ ಕೇಳಿ: ನಿನಗೆ ಏನು ಗೊತ್ತಿಲ್ಲ? ನಮ್ಮಲ್ಲಿ ಬಂದ ಉತ್ತರಗಳು ನೋಡಿ. ಅಡುಗೆಯ ಅಕ್ಕನಿಗೆ ಸೌಟು ಮತ್ತು ಮುಂದಿನ ತಟ್ಟೆ ಮಾತ್ರ ಕಾಣುತ್ತದೆ. ಹುಡುಗ ಎರಡನೇ ಸಲ ಬಂದು ನಿಂತರೆ ಅವಳಿಗೆ ಅವನು ಆಸೆಬುರುಕ. ಹುಡುಗನಿಗೆ ಅವಳ ಬಳಿ ಎಣಿಸಿ ತಂದ ಮೊಟ್ಟೆಗಳಷ್ಟೇ ಇವೆ ಎಂಬುದು ತಿಳಿಯದು. ನಾಯಿಗಂತೂ ಸಾಲು, ಸರದಿ, ಕಳ್ಳತನ ಯಾವುದೂ ಗೊತ್ತಿಲ್ಲ. ಒಬ್ಬ ಒಳ್ಳೆಯ ಹುಡುಗ ತನಗೆ ಊಟ ಎಸೆದ ಎಂದೇ ಅದರ ನಂಬಿಕೆ. ಈ ಕೊನೆಯ ಮಾತನ್ನು ಹೇಳಿದವನು ಪರೀಕ್ಷೆಯಲ್ಲಿ ಮೂರಂಕಿ ಬಿಡಿ, ಎರಡಂಕಿಗೇ ಒದ್ದಾಡುವ ಹುಡುಗ. ನಾಯಿ ಸಾಕಿದವನಾದ್ದರಿಂದ ಅವನಿಗೆ ಹೊಳೆಯಿತು.

ಈಗ ಆ ಹುಡುಗಿ. ಅವಳು ಕನ್ನಡದಲ್ಲಿ "ಮೊಟ್ಟೆ ಬಿತ್ತಂತೆ, ನಾಯಿ ತಿಂತಂತೆ" ಎನ್ನುತ್ತಾಳೆ. ನಾನು ಕಣ್ಣಾರೆ ಕಂಡಿಲ್ಲ, ಕೇಳಿದ್ದೇನೆ ಎಂಬುದನ್ನೆಲ್ಲ ನಮ್ಮ ಪುಟ್ಟ 'ಅಂತೆ' ಹೇಳಿಬಿಡುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಅಂಥ ಬಾಲವಿಲ್ಲ. 'ಐ ಹರ್ಡ್', 'ದೆ ಸೇ', 'ಇಟ್ ಸೀಮ್ಸ್' ಎಂದು ಬೇರೆಯಾಗಿಯೇ ಹೇಳಬೇಕು. ದೃಷ್ಟಿ ಎಂದರೇನು ಎಂದು ವಿವರಿಸಲು ನನಗೆ ಸಿಕ್ಕ ಅತ್ಯುತ್ತಮ ಸಾಧನ ಈ 'ಅಂತೆ'ಯೇ. ನಮ್ಮ ಮಕ್ಕಳಿಗೆ ನೋಡಿದ್ದು ಯಾವುದು, ಕೇಳಿದ್ದು ಯಾವುದು ಎಂದು ವಿಂಗಡಿಸುವ ಬುದ್ಧಿ ಮನೆಯಿಂದಲೇ ಬಂದಿದೆ. ಇಂಗ್ಲಿಷಿನಲ್ಲಿ ಅದನ್ನು ಎಲ್ಲಿಡಬೇಕು ಎಂದಷ್ಟೇ ನಾವು ತೋರಿಸಬೇಕು.

ಎರಡನೇ ಅವಧಿಯಲ್ಲಿ ಪದಗಳು. ಪಾತ್ರಕ್ಕೆ ಏಳೆಂಟು ಪದ ಸಾಕು, ಬೋರ್ಡಿನ ಮೇಲೆ ನಾಲ್ಕು ಕಾಲಮ್ಮು. ಮೂರನೇ ಅವಧಿಯಲ್ಲಿ ಬರವಣಿಗೆ.

ಪ್ಯಾರಾ ವಿಷಯ ಇಲ್ಲಿ ತಾನಾಗಿಯೇ ಬರುತ್ತದೆ. ನಾನು ಕೊಡುವ ನಿಯಮ ಒಂದೇ: ಒಬ್ಬರ ಕಣ್ಣಿಗೆ ಒಂದು ಪ್ಯಾರಾ, ಕಣ್ಣು ಬದಲಾದರೆ ಸಾಲು ಬಿಟ್ಟು ಹೊಸ ಪ್ಯಾರಾ. ಹುಡುಗನದು ಆರು ವಾಕ್ಯ, ಕೆಳಗೆ ನಾಯಿಯದು ಆರು ವಾಕ್ಯ. ಸಾಲಿಗೊಂದು ಪ್ಯಾರಾ ಬರೆಯುವವರು ತಾವೇ ಕೂಡಿಸುತ್ತಾರೆ, ಪುಟ ತುಂಬಿಸುವವರು ತಾವೇ ಒಡೆಯುತ್ತಾರೆ. ಮೊದಲ ವಾಕ್ಯದಲ್ಲಿ ಆ ಪಾತ್ರಕ್ಕೆ ಆ ಕ್ಷಣದಲ್ಲಿ ಏನು ಬೇಕಾಗಿತ್ತು ಎಂದು ಬರಲಿ: ಹುಡುಗನಿಗೆ ಹಸಿವು, ಅಕ್ಕನಿಗೆ ಬೇಗ ಬಡಿಸಿ ಮುಗಿಸುವ ಆತುರ. ಉಳಿದ ವಾಕ್ಯಗಳೆಲ್ಲ ಆ ಬೇಕಿನ ಬೆನ್ನು ಹತ್ತಲಿ. ಬೆನ್ನು ಹತ್ತದ ವಾಕ್ಯವನ್ನು ಹೊಡೆದುಹಾಕಿ. ಎಲ್ಲ ಪ್ಯಾರಾಗಳೂ ಹೀಗೇ ಇರುವುದಿಲ್ಲ ಎಂದು ಯಾರಾದರೂ ತಕರಾರು ತೆಗೆದಾರು; ನಿಜ, ಹತ್ತನೇ ತರಗತಿಯಲ್ಲಿ ಅದನ್ನು ಹೇಳಿದರಾಯಿತು.

ಪ್ಯಾರಾ ಕಲಿಸಲು ಬರ್ಗರ್ ಚಿತ್ರ ಬಳಸಿ ಎಂದು ಈ ಗುಂಪಿನಲ್ಲೇ ಯಾರೋ ಹಾಕಿದ್ದರು: ಮೇಲೊಂದು ಬ್ರೆಡ್ಡು, ನಡುವೆ ತರಕಾರಿ, ಕೆಳಗೊಂದು ಬ್ರೆಡ್ಡು. ನನಗೆ ಒಗ್ಗಲಿಲ್ಲ. ಬರ್ಗರ್ ತಿನ್ನದ ಮಕ್ಕಳು ಎಂಬುದು ಹಾಗಿರಲಿ, ಕೆಳಗಿನ ಬ್ರೆಡ್ಡು ಬೇಕೆಂದು ಅವರು ಮೊದಲ ವಾಕ್ಯವನ್ನೇ ಕೊನೆಗೂ ಬರೆಯುತ್ತಾರೆ. ಅಭಿಪ್ರಾಯ ಹೇಳುವ ಪ್ರಬಂಧಕ್ಕೆ ಆ ಅಚ್ಚು ನಡೆದೀತು, ಪ್ರಸಂಗ ಹೇಳುವುದಕ್ಕೆ ಬೇಡವೇ ಬೇಡ.

ತಿದ್ದುವುದರ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಬರವಣಿಗೆ ಕಲಿಸುವ ಉತ್ಸಾಹ ಸಾಯುವುದು ಅಲ್ಲೇ. 42 ಪುಸ್ತಕ, ತಲಾ 3 ನಿಮಿಷ ಎಂದರೂ 126 ನಿಮಿಷ. ದಿನಕ್ಕೆ ಹತ್ತು ಪುಸ್ತಕ ಮಾತ್ರ ತೆಗೆದುಕೊಳ್ಳಿ. ಕಾಗುಣಿತ, ಕಾಲ, ಆರ್ಟಿಕಲ್ ಎಲ್ಲವನ್ನೂ ಕೆಂಪು ಮಾಡಬೇಡಿ. ಕಣ್ಣು ಜಾರಿದ ಜಾಗಕ್ಕೆ ಮಾತ್ರ ಒಂದು ವೃತ್ತ. ನಾಯಿ 'ಗವರ್ನಮೆಂಟ್ ಎಗ್' ಎಂದು ಬರೆದರೆ ಅಲ್ಲೊಂದು ವೃತ್ತ, ನಾಯಿಗೆ ಸರ್ಕಾರ ಹೇಗೆ ಗೊತ್ತು? ಮಿಕ್ಕವರು ಜೋಡಿಯಲ್ಲಿ ಪುಸ್ತಕ ಬದಲಿಸಿಕೊಂಡು ಇದೊಂದನ್ನೇ ಹುಡುಕಲಿ. ಪರರ ಪುಸ್ತಕದಲ್ಲಿ ತಪ್ಪು ಹುಡುಕುವ ಸುಖವನ್ನು ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಇದರಿಂದ ಎಸ್ಸೆಸ್ಸೆಲ್ಸಿಗೆ ಏನು ಉಪಯೋಗ ಎಂದು ಮುಖ್ಯ ಶಿಕ್ಷಕರು ಕೇಳಿದರೆ, ದ್ವಿತೀಯ ಭಾಷೆಯ 80 ಅಂಕದ ಪತ್ರಿಕೆಯನ್ನು ಮುಂದಿಡಿ. ಪತ್ರದ ಪ್ರಶ್ನೆಯಲ್ಲಿ ನೀನು ಇಂಥ ಊರಿನ ಇಂಥವನು ಎಂದುಕೊಂಡು ಬರೆ ಎಂದಿರುತ್ತದೆ. ನಮ್ಮವರು ಕೆಳಗೆ ಸ್ವಂತ ಹೆಸರು ಹಾಕಿ ಬರುತ್ತಾರೆ. ವ್ಯಕ್ತಿ ಪರಿಚಯದ ಪ್ರಶ್ನೆಗೆ ಕೊಟ್ಟ ಸುಳಿವುಗಳಿಂದ 'ಹಿ' ಎಂದು ಆರಂಭಿಸಿ ಮೂರನೇ ವಾಕ್ಯಕ್ಕೆ 'ಮೈ ಫಾದರ್' ಎನ್ನುತ್ತಾರೆ. ಸುಳಿವು ಹಿಡಿದು ಕಥೆ ಬೆಳೆಸುವುದು, ಚಿತ್ರ ನೋಡಿ ಬರೆಯುವುದು, ಎಲ್ಲದರಲ್ಲೂ ಇದೇ ಜಾರುವಿಕೆ. ಮೊಟ್ಟೆಯ ಪಾಠವಾದ ಮೇಲೆ ನನ್ನ ತರಗತಿಯಲ್ಲಿ ಇದು ಪೂರ್ತಿ ನಿಂತಿಲ್ಲ, ಆದರೆ ಮಕ್ಕಳು ತಾವೇ ಹಿಂದಿರುಗಿ ಹೊಡೆದು ಬರೆದದ್ದು ಕಾಣುತ್ತದೆ.

ಪಾಠದ ಕಥೆಗೆ ಮರಳುವುದು ನಾಲ್ಕನೇ ಅವಧಿಗಿರಲಿ. ಈ ಪಾತ್ರಕ್ಕೆ ಕಥೆಯಲ್ಲಿ ಯಾವುದು ತಿಳಿದಿಲ್ಲ ಎಂದು ಮೊದಲು ಮೂರು ಅಂಶ ಬರೆಸಿ, ಪುಸ್ತಕ ಮುಚ್ಚಿಸಿ, ಆಮೇಲೆ ಪ್ಯಾರಾ. ಪುಸ್ತಕ ಮುಚ್ಚಿಸುವುದನ್ನು ಮಾತ್ರ ಮರೆಯಬೇಡಿ.

ನಿಮ್ಮ ಶಾಲೆಯಲ್ಲಿ ಮೊಟ್ಟೆಯ ಬದಲು ಬಾಳೆಹಣ್ಣು ತೆಗೆದುಕೊಳ್ಳುವವರೇ ಹೆಚ್ಚಿದ್ದರೆ ಪ್ರಸಂಗವನ್ನು ಬಾಳೆಹಣ್ಣಿಗೇ ಹೊಂದಿಸಿಕೊಳ್ಳಿ. ಆದರೆ ಬಾಳೆಹಣ್ಣು ಉರುಳುವುದಿಲ್ಲ, ನಾಯಿಯೂ ಅಷ್ಟು ಆಸೆಪಡುವುದಿಲ್ಲ. ಹತ್ತಿರದಲ್ಲಿ ಮಂಗಗಳಿದ್ದರೆ ಒಳ್ಳೆಯದು.