ನೀರು ನುಗ್ಗಿದ ಮನೆಯಲ್ಲಿ ಮೊದಲು ಯಾವುದನ್ನು ಎತ್ತಿಕೊಳ್ಳಬೇಕು?

ಪ್ರಶ್ನೆ: ಹೋದ ತಿಂಗಳ ಮಳೆಗೆ ನಮ್ಮ ಮನೆಯೊಳಗೆ ಮೊಣಕಾಲುದ್ದ ನೀರು ನಿಂತಿತ್ತು. ಗಾಬರಿಯಲ್ಲಿ ಟಿವಿ, ಸೋಫಾ ಅಂತ ಒದ್ದಾಡಿದೆವು. ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ಫೋಟೊ ಆಲ್ಬಂ ನೆನಪಾಗಿದ್ದೇ ಮೂರನೇ ದಿನ. ಈಗ ಅದು ಒಣಗಿ ಇಟ್ಟಿಗೆಯಂತಾಗಿದೆ, ಬಿಡಿಸಲು ಹೋದರೆ ಹರಿಯುತ್ತದೆ. ಏನಾದರೂ ಉಳಿಯುತ್ತದಾ? ಮತ್ತೆ ಹೀಗಾದರೆ ಮೊದಲು ಏನನ್ನು ನೋಡಬೇಕು?

ಉತ್ತರ: ದಯವಿಟ್ಟು ಇನ್ನು ಅದನ್ನು ಎಳೆಯಬೇಡಿ. ನಮ್ಮ ಮನೆಯಲ್ಲಿ ಒಮ್ಮೆ ಪೈಪ್ ಒಡೆದು ಆಲ್ಬಂ ನೆನೆದಿತ್ತು. ನಾನು ತಾಳ್ಮೆ ಇಲ್ಲದೆ ಅಂಟಿಕೊಂಡ ಎರಡು ಫೋಟೊ ಬಿಡಿಸಲು ಹೋದೆ. ಚರ್ ಅಂತ ಸದ್ದಾಯಿತು. ಅಮ್ಮನ ಕೆನ್ನೆ ಮತ್ತು ಒಂದು ಕಣ್ಣು ಎದುರಿನ ಫೋಟೊದ ಮೇಲೆ ಕೂತಿತ್ತು, ಇತ್ತ ಬರೀ ಬಿಳಿ ಕಾಗದ. ಆ ಎರಡನ್ನೂ ಇವತ್ತಿಗೂ ಒಂದೇ ಕವರಿನಲ್ಲಿ ಇಟ್ಟಿದ್ದೇನೆ.

ಸ್ಟುಡಿಯೊದಲ್ಲಿ ತೊಳೆಸಿದ ಫೋಟೊದ ಮೇಲ್ಪದರ ಜೆಲಟಿನ್‌ನದು. ನೀರು ಕುಡಿದರೆ ಉಬ್ಬಿ ಮೆತ್ತಗಾಗುತ್ತದೆ, ಒಣಗುವಾಗ ಪಕ್ಕದಲ್ಲಿ ಏನಿದೆಯೋ ಅದನ್ನೇ ಅಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ನಿಮಗೆ ಸ್ವಲ್ಪ ಆಸೆ ಇರುವುದೂ ಅಲ್ಲೇ, ಯಾಕೆಂದರೆ ಅದೇ ಜೆಲಟಿನ್ ಮತ್ತೆ ನೀರು ಸಿಕ್ಕರೆ ಕೆಲವೊಮ್ಮೆ ಸಡಿಲವಾಗುತ್ತದೆ. ಮೊದಲು ಕಾಣುವಷ್ಟು ಫೋಟೊಗಳನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಆಮೇಲೆ ಹೋದರೂ ಪರವಾಗಿಲ್ಲ ಅನ್ನಿಸುವ ಒಂದು ಜೋಡಿಯನ್ನು ಅಗಲವಾದ ತಟ್ಟೆಯಲ್ಲಿ ತಣ್ಣನೆಯ ಶುದ್ಧ ನೀರಿನಲ್ಲಿ ಮುಳುಗಿಸಿ. ಅರ್ಧ ಗಂಟೆ ಬಿಟ್ಟು ಒಂದು ಮೂಲೆ ಮಾತ್ರ ಮುಟ್ಟಿ ನೋಡಿ, ತಾನಾಗಿ ಬಂದರೆ ಸರಿ, ಬರದಿದ್ದರೆ ಇನ್ನಷ್ಟು ಹೊತ್ತು ಬಿಡಿ, ಬಣ್ಣ ಬಿಡಲು ಶುರುವಾದರೆ ಕೂಡಲೇ ತೆಗೆಯಿರಿ. ಬಿಟ್ಟುಕೊಂಡದ್ದನ್ನು ಮುಖ ಮೇಲೆ ಮಾಡಿ ನೆರಳಿನಲ್ಲಿ ಹರಡಿ. ಮನೆಯ ಪ್ರಿಂಟರ್‌ನಲ್ಲಿ ತೆಗೆದ ಫೋಟೊಗಳಿಗೆ ಇದು ಬೇಡ, ಶಾಯಿಯೇ ಕರಗಿ ಹೋಗಬಹುದು. ಇರುವುದು ಅದೊಂದೇ ಅನ್ನುವಂಥ ಫೋಟೊ ಇದ್ದರೆ, ನೀವು ಕೈ ಹಾಕದೆ ಹಳೆಯ ಚಿತ್ರಗಳನ್ನು ಸರಿಪಡಿಸುವ ಪರಿಣತರಿಗೇ ಒಪ್ಪಿಸಿ.

ಮುಂದಿನ ಸಲದ ಮಾತು. ಮೊದಲು ಕರೆಂಟು. ಮೇನ್ ಸ್ವಿಚ್ ಹತ್ತಿರ ಹೋಗಲು ನೀರಲ್ಲಿ ಕಾಲಿಡಬೇಕು ಅಂತಾದರೆ ನೀವು ಮುಟ್ಟಬೇಡಿ, ಲೈನ್‌ಮನ್ ಕರೆಸಿ. ಆಮೇಲೆ ಟಿವಿ ಅಲ್ಲ, ಫೋಟೊ ಮತ್ತು ಕಾಗದಪತ್ರ. ಟಿವಿ ಇನ್ನೊಂದು ತರಬಹುದು, ಅಲ್ವಾ? ಒದ್ದೆ ಕಾಗದದ ಮೇಲೆ 24ರಿಂದ 48 ಗಂಟೆಯೊಳಗೆ ಬೂಸು ಹಿಡಿಯಲು ಶುರುವಾಗುತ್ತದೆ. ಅಷ್ಟರಲ್ಲಿ ಎಲ್ಲವನ್ನೂ ಒಣಗಿಸುವುದು ಆಗದ ಮಾತು. ಅದಕ್ಕೆ ಫ್ರೀಜರ್ ಇದೆ. ಕೆಸರು ತೊಳೆದು, ನಡುನಡುವೆ ಬಟರ್ ಪೇಪರ್ ಇಟ್ಟು, ಕವರಿನಲ್ಲಿ ಹಾಕಿ ಫ್ರೀಜರ್‌ನಲ್ಲಿಟ್ಟರೆ ಬೂಸು ಅಲ್ಲಿಗೇ ನಿಲ್ಲುತ್ತದೆ, ಪುರುಸೊತ್ತಾದಾಗ ಒಂದೊಂದೇ ತೆಗೆದು ಒಣಗಿಸಬಹುದು. ಪುಸ್ತಕಗಳಿಗೂ ಇದೇ ಉಪಾಯ. ಗಾಜಿನ ಹಲಗೆಯ ಮೇಲೆಯೇ ಮೂಡಿಸಿದ ಹಳೇ ಕಾಲದ ಫೋಟೊಗಳಿಗೆ ಮಾತ್ರ ಬೇಡ.

1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಆರ್ನೊ ನದಿ ಉಕ್ಕಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಲಕ್ಷಗಟ್ಟಲೆ ಪುಸ್ತಕ ಕೆಸರಲ್ಲಿ ಮುಳುಗಿದ್ದವು. ಬೇರೆ ಬೇರೆ ದೇಶಗಳಿಂದ ಬಂದ ಹುಡುಗ ಹುಡುಗಿಯರು ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿ ಅವನ್ನು ಮೇಲೆ ತಂದರು. ಜನ ಅವರನ್ನು ಕೆಸರಿನ ದೇವದೂತರು ಅಂತ ಕರೆದರು. ಅಷ್ಟು ಕೆಸರು ಕುಡಿದ ಪುಸ್ತಕಗಳಲ್ಲೂ ಎಷ್ಟೋ ಇವತ್ತು ಓದಲು ಸಿಗುತ್ತವೆ. ಹಾಗಾಗಿ ಒದ್ದೆಯಾದ ಮೊದಲ ದಿನವೇ ಯಾವುದನ್ನೂ ಎಸೆಯಬೇಡಿ.

ಪ್ರಶ್ನೆ: ಮರದ ಕಪಾಟು ನೆನೆದಿದೆ, ಡ್ರಾಯರ್ ತೆರೆಯುತ್ತಿಲ್ಲ. ಬಿಸಿಲಿಗೆ ಇಡಲಾ? ಹಾಸಿಗೆ ಗತಿ ಏನು?

ಉತ್ತರ: ಬಿಸಿಲು ಬೇಡವೇ ಬೇಡ. ಹೊರಮೈ ಬೇಗ ಒಣಗಿ ಒಳಗೆ ಒದ್ದೆ ಉಳಿದರೆ ಮರ ಸೊಟ್ಟಗಾಗುತ್ತದೆ, ಇಲ್ಲವೇ ಸೀಳುತ್ತದೆ. ಹಿಂದಿನ ಹಲಗೆ ಬಿಚ್ಚಿ, ಡ್ರಾಯರನ್ನು ಹಿಂದಿನಿಂದ ಮೆಲ್ಲಗೆ ತಳ್ಳಿ. ಮುಂದಿನಿಂದ ಎಳೆದರೆ ಹಿಡಿ ಕಿತ್ತು ಬರುತ್ತದೆ ಅಷ್ಟೇ. ಆಮೇಲೆ ನೆರಳಲ್ಲಿ, ಗಾಳಿಯಾಡುವ ಕಡೆ, ವಾರಗಟ್ಟಲೆ ಬಿಡಿ. ಇದಕ್ಕೆ ಅವಸರ ಕೆಲಸ ಮಾಡುವುದಿಲ್ಲ. ಆದರೆ ಮರದ ಪುಡಿ ಒತ್ತಿ ಮಾಡಿದ ಹಲಗೆಯಾದರೆ ಒಮ್ಮೆ ಉಬ್ಬಿದ ಮೇಲೆ ಮತ್ತೆ ಮೊದಲಿನಂತಾಗುವುದಿಲ್ಲ, ಅದರ ಮೇಲೆ ಶ್ರಮ ಹಾಕಬೇಡಿ.

ಹಾಸಿಗೆಯೊಳಗೆ ಚರಂಡಿ ನೀರು ಇಳಿದಿದ್ದರೆ ಬಿಟ್ಟುಬಿಡಿ, ಎಷ್ಟೇ ಆಸೆಯಿಂದ ಕೊಂಡಿದ್ದರೂ. ಇನ್ನೊಂದು ಮಾತು, ಗೋಡೆಯ ಬೂಸು ತೊಳೆಯಲು ಬ್ಲೀಚಿಂಗ್ ನೀರು ಬಳಸುವಾಗ ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ. ವಿಷಗಾಳಿ ಏಳುತ್ತದೆ.

ಪ್ರಶ್ನೆ: ಮೊಬೈಲ್ ಮತ್ತು ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಎರಡೂ ನೀರಲ್ಲಿ ಬಿದ್ದವು. ಅಕ್ಕಿಯಲ್ಲಿ ಹೂತಿಟ್ಟರೆ ಸರಿಹೋಗುತ್ತಾ?

ಉತ್ತರ: ಅಕ್ಕಿಯಿಂದ ಉಪಯೋಗವಿಲ್ಲ. ಅದರ ಪುಡಿ ಒಳಗೆ ಸೇರಿ ಇನ್ನೂ ಹಾಳಾಗುತ್ತದೆ ಅಂತ ಆಪಲ್ ಕಂಪನಿಯೇ ಎಚ್ಚರಿಸಿದೆ. ಆನ್ ಆಗುತ್ತಾ ನೋಡೋಣ ಅಂತ ಬಟನ್ ಒತ್ತುವುದೇ ದೊಡ್ಡ ತಪ್ಪು. ಮೊಬೈಲನ್ನು ಒರೆಸಿ, ಗಾಳಿಗೆ ಇಟ್ಟು, ರಿಪೇರಿಯವರಿಗೆ ತೋರಿಸಿ. ಹಾರ್ಡ್ ಡಿಸ್ಕ್‌ಗೆ ಮಾತ್ರ ಉಲ್ಟಾ ಲೆಕ್ಕ. ಅದನ್ನು ಒಣಗಿಸಬೇಡಿ, ಒಳಗೆ ಹೋದ ಕೆಸರು ಒಣಗಿದರೆ ಡೇಟಾ ಕೂತಿರುವ ಬಿಲ್ಲೆಗೆ ಕಚ್ಚಿಕೊಂಡು ಬಿಡುತ್ತದೆ. ಒದ್ದೆ ಇದ್ದ ಹಾಗೇ ಕವರಿನಲ್ಲಿ ಬಿಗಿಯಾಗಿ ಕಟ್ಟಿ, ಡೇಟಾ ತೆಗೆದುಕೊಡುವವರ ಕೈಗೆ ಆದಷ್ಟು ಬೇಗ ಮುಟ್ಟಿಸಿ.