ಸಿಗ್ನಲ್‌ನಲ್ಲೂ ಬಿಸಿ, ಹೆದ್ದಾರಿಯಲ್ಲೂ ಬಿಸಿ

ಪ್ರಶ್ನೆ: ನಾನಿರುವುದು ಅಮೆರಿಕದ ಫೀನಿಕ್ಸ್‌ನಲ್ಲಿ. 1932ರ ಫೋರ್ಡ್‌ ಮೈಯ ಹಾಟ್‌ ರಾಡ್‌ (ಹಳೇ ಕಾರಿಗೆ ದೊಡ್ಡ ಎಂಜಿನ್‌ ಕೂರಿಸಿ ಮಾರ್ಪಡಿಸಿದ ಕಾರು) ಇದೆ, ಎಂಜಿನ್‌ ಶೆವ್ರೊಲೆ 350, ಅಂದರೆ 350 ಘನ ಇಂಚಿನ ವಿ8. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್‌ ಬಿಸಿ ತೋರಿಸುವ ಮುಳ್ಳು 105 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಹೆದ್ದಾರಿಯಲ್ಲಿ ಮೊದಲು 85ಕ್ಕೆ ಇಳಿಯುತ್ತಿತ್ತು. ಬಾನೆಟ್‌ನ ಎರಡೂ ಪಕ್ಕಕ್ಕೆ ನುಣುಪಾದ ತಗಡು ಹಾಕಿಸಿದ ಮೇಲೆ ಅಲ್ಲೂ 98 ಆಗುತ್ತಿದೆ. ರೇಡಿಯೇಟರ್‌ 17 ಇಂಚು ಅಗಲ, 22 ಇಂಚು ಎತ್ತರ. ಅದರ ಬೆನ್ನಿಗೇ 16 ಇಂಚಿನ ಎಲೆಕ್ಟ್ರಿಕ್‌ ಫ್ಯಾನ್‌ ಕಟ್ಟಿದ್ದೇನೆ. ಥರ್ಮೋಸ್ಟಾಟ್‌ (ನೀರು ಕಾದ ಮೇಲಷ್ಟೇ ಅದನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆಗೆದು ನೋಡಿದೆ, ಉಪಯೋಗವಾಗಲಿಲ್ಲ. ಇನ್ನೂ ದಪ್ಪ ರೇಡಿಯೇಟರ್‌ ಹಾಕಿಸಲೇ?

ಉತ್ತರ: ಈಗಲೇ ಬೇಡ. ದುಡ್ಡು ಜೇಬಲ್ಲೇ ಇರಲಿ. ನಿಮ್ಮ ಕಾರಿಗೆ ಇರೋದು ಎರಡು ಕಾಯಿಲೆ, ಎರಡೂ ಗಾಳಿಗೆ ಸಂಬಂಧಪಟ್ಟದ್ದೇ.

ಮೊದಲು ಸಿಗ್ನಲ್‌ ವಿಷಯ. ಕಾರು ನಿಂತಾಗ ಫ್ಯಾನೇ ಗತಿ. ನಿಮ್ಮ ರೇಡಿಯೇಟರ್‌ 374 ಚದರ ಇಂಚು. ಫ್ಯಾನಿನ ವೃತ್ತ ಸುಮಾರು 201. ಎಂಜಿನ್‌ ತಣ್ಣಗಿರುವಾಗ ಬರೀ ಫ್ಯಾನ್‌ ಹಾಕಿ, ಒಂದು ಟಿಶ್ಯೂ ಕಾಗದವನ್ನು ಗ್ರಿಲ್‌ ಹತ್ತಿರ ಹಿಡಿಯಿರಿ. ನಡುವೆ ಅದು ಗಪ್ಪನೆ ಅಂಟಿಕೊಳ್ಳುತ್ತದೆ. ಮೂಲೆಗೆ ತನ್ನಿ, ಸುಮ್ನೆ ಜೋತು ಬೀಳುತ್ತದೆ. ಆ ಮೂಲೆಗಳಲ್ಲಿ ಹರಿಯುವ ನೀರು ಬಿಸಿಬಿಸಿಯಾಗಿಯೇ ಎಂಜಿನ್ನಿಗೆ ವಾಪಸ್‌ ಹೋಗುತ್ತಿದೆ. ಫೀನಿಕ್ಸ್‌ ಬೇಸಿಗೆಯಲ್ಲಿ 43 ಡಿಗ್ರಿ ದಾಟುವುದು ಮಾಮೂಲು. ಗಾಳಿಯೇ ಅಷ್ಟು ಕಾದಿರುವಾಗ ರೇಡಿಯೇಟರಿನ ಅರ್ಧ ಭಾಗವನ್ನು ಕೆಲಸವಿಲ್ಲದೆ ಕೂರಿಸಿದರೆ ಹೇಗೆ?

ಷ್ರೌಡ್‌ ಮಾಡಿಸಿ. ಅಂದರೆ ಇಡೀ ರೇಡಿಯೇಟರ್‌ ಬೆನ್ನನ್ನು ಮುಚ್ಚುವ ತಗಡಿನ ಡಬ್ಬಿ, ಅದರ ತೂತಿನಲ್ಲಿ ಫ್ಯಾನ್‌. ಫ್ಯಾನ್‌ ರೇಡಿಯೇಟರಿಗೆ ಅಂಟಿಕೊಂಡಿರಬಾರದು, ಒಂದೆರಡು ಇಂಚು ಜಾಗ ಬೇಕು. ಅಂಚಿನ ಸಂದುಗಳಿಗೆ ಸ್ಪಂಜು ತುರುಕಿ. ಗಾಳಿ ಕಳ್ಳದಾರಿ ಹುಡುಕುವುದರಲ್ಲಿ ನಿಸ್ಸೀಮ. ಒಂದು ಎಚ್ಚರಿಕೆ: ಜೋರಾಗಿ ಓಡುವಾಗ ಇದೇ ಷ್ರೌಡ್‌ ಗಾಳಿಗೆ ಅಡ್ಡ ಬರಬಹುದು. ಅದಕ್ಕೇ ರಬ್ಬರ್‌ ಪಟ್ಟಿಯ ಕಿಂಡಿಗಳನ್ನು ಇಡುತ್ತಾರೆ. ನಿಂತಾಗ ಮುಚ್ಚಿಕೊಳ್ಳುತ್ತವೆ, ವೇಗದಲ್ಲಿ ಗಾಳಿ ತಳ್ಳಿದಾಗ ತೆರೆದುಕೊಳ್ಳುತ್ತವೆ.

ಎರಡನೆಯದು ಆ ನುಣುಪು ತಗಡು. ನೋಡಲು ಚೆಂದ, ಒಪ್ಪಿದೆ. ಆದರೆ ಹಿತ್ತಲ ಬಾಗಿಲು ಮುಚ್ಚಿದ ಮನೆಗೆ ಮುಂಬಾಗಿಲಿಂದ ಗಾಳಿ ಬರುತ್ತಾ? ಬಾನೆಟ್‌ ಒಳಗೆ ಒತ್ತಡ ಏರಿದರೆ ಗ್ರಿಲ್‌ ಎದುರಿನ ಗಾಳಿ ಒಳಗೆ ಬರದೆ ಪಕ್ಕಕ್ಕೆ ಸರಿದು ಹೋಗುತ್ತದೆ. 1932ರ ಫೋರ್ಡ್‌ ವಿ8 ಇದ್ದದ್ದು 65 ಅಶ್ವಶಕ್ತಿ, ಸುಮಾರು 3.6 ಲೀಟರ್‌. ಅದಕ್ಕೇ ಕಂಪನಿ ಬಾನೆಟ್‌ ಪಕ್ಕದಲ್ಲಿ ಸಾಲು ಸಾಲು ಸೀಳು ಕೊಟ್ಟಿತ್ತು. ನೀವು ಅದೇ ಗೂಡಿಗೆ 5.7 ಲೀಟರ್‌ ತುರುಕಿ, ಸೀಳನ್ನೂ ಮುಚ್ಚಿದ್ದೀರಿ!

ಈ ಭಾನುವಾರ ಎರಡೂ ತಗಡು ಬಿಚ್ಚಿ, ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಓಡಿಸಿ. ಮುಳ್ಳು 85ಕ್ಕೆ ಬಂದರೆ ಕಳ್ಳ ಸಿಕ್ಕಿದ ಹಾಗೆ. ಆಮೇಲೆ ಅದೇ ತಗಡಿಗೆ ಸೀಳು ಹೊಡೆಸಿ, ಬಾಯಿ ಹಿಂದಕ್ಕೆ ಇರುವಂತೆ. ಬಾನೆಟ್‌ನ ಹಿಂಬದಿಯನ್ನು ಎತ್ತಿ ಕಟ್ಟುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ. ಮುಂಗಾಜಿನ ಬುಡದಲ್ಲಿ ಗಾಳಿ ಒತ್ತಿ ನಿಲ್ಲುತ್ತದೆ, ಅಲ್ಲಿಂದ ಹೊರಗೆ ಹೋಗುವ ಬದಲು ಒಳಗೇ ನುಗ್ಗುತ್ತದೆ. ಇದನ್ನೇ ಬಳಸಿ 1970ರ ಶೆವ್ರೊಲೆ ಶೆವೆಲ್‌ ಎಸ್‌ಎಸ್‌ ಕಾರಿನಲ್ಲಿ ಕಾರ್ಬುರೇಟರ್‌ಗೆ ಗಾಳಿ ಕೊಟ್ಟಿದ್ದರು.

ಥರ್ಮೋಸ್ಟಾಟ್‌ ವಾಪಸ್‌ ಹಾಕಿ, 82 ಡಿಗ್ರಿಗೆ ತೆರೆಯುವಂಥದ್ದು ಸಾಕು. ಇಗ್ನಿಷನ್‌ ಟೈಮಿಂಗ್‌, ಅಂದರೆ ಸ್ಪಾರ್ಕ್‌ ಪ್ಲಗ್‌ ಕಿಡಿ ಹಾರಿಸುವ ಹೊತ್ತು, ತಡವಾಗಿದ್ದರೂ ಎಂಜಿನ್‌ ಬಿಸಿಯಾಗುತ್ತದೆ, ಅದನ್ನೂ ನೋಡಿಸಿ. ಅರ್ಧ ನೀರು, ಅರ್ಧ ಕೂಲೆಂಟ್‌, 15 ಪಿಎಸ್‌ಐ ಒತ್ತಡ ತಡೆಯುವ ರೇಡಿಯೇಟರ್‌ ಮುಚ್ಚಳ ಇದ್ದರೆ ಕುದಿಯುವುದು 129 ಡಿಗ್ರಿ ಆಸುಪಾಸಿನಲ್ಲಿ. ಹಾಗಾಗಿ 105 ಅಂದ ತಕ್ಷಣ ಗಾಬರಿ ಬೇಡ. ಹಾಗಂತ ಬಿಸಿ ಇರುವಾಗ ಮುಚ್ಚಳ ಮಾತ್ರ ಮುಟ್ಟಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಮುಳ್ಳು ಇಳಿಯದಿದ್ದರೆ ಬರೆಯಿರಿ, ಆಗ ರೇಡಿಯೇಟರ್‌ ಮಾತಾಡೋಣ.